ರೆಸಿಡೆನ್ಸಿಗೆ ಹೋದ ಕಲಾವಿದರು ಬದಲಿಗೆ ಏನು ಕೊಡಬೇಕು?

ಓದುಗರ ಪ್ರಶ್ನೆ: ಯುರೋಪಿನ ಕಲಾವಿದರು ‘ರೆಸಿಡೆನ್ಸಿ’ ಅಂತ ಹೇಳಿ ತಿಂಗಳುಗಟ್ಟಲೆ ಬೇರೆ ದೇಶದಲ್ಲಿ ಹೋಗಿ ಇರ್ತಾರಲ್ಲ, ಅವರಿಗೆ ಮನೆ, ಸ್ಟುಡಿಯೊ, ಕೈಖರ್ಚು ಎಲ್ಲ ಸಿಗುತ್ತಂತೆ. ಅದಕ್ಕೆ ಬದಲಾಗಿ ಅವರು ಏನು ಕೊಡಬೇಕು? ಚಿತ್ರ ಬಿಡಿಸಿ ಕೊಟ್ಟು ಬರಬೇಕಾ?

ಉತ್ತರ: ಕೆಲವು ಕಡೆ ಒಂದು ಕೃತಿ ಬಿಟ್ಟು ಬನ್ನಿ ಅಂತ ಕೇಳುತ್ತಾರೆ. ಆದರೆ ಹೆಸರುವಾಸಿಯಾದ ಎಷ್ಟೋ ರೆಸಿಡೆನ್ಸಿಗಳಲ್ಲಿ ಅಂಥ ಷರತ್ತೇ ಇಲ್ಲ. ಹೋಗಿ, ಇರಿ, ಕೆಲಸ ಮಾಡಿ, ಅಷ್ಟೆ. ಹೀಗೆಂದ ಕೂಡಲೇ ನಮ್ಮ ಬಾಯಿಗೆ ಬರುವುದು ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅನ್ನೋ ಗಾದೆ. ಆದರೆ ಇಲ್ಲಿ ಕೊಡುವವರು ಕೋಡಂಗಿಗಳಲ್ಲ. ಲೆಕ್ಕ ಹಾಕಿಯೇ ಕೊಡುತ್ತಾರೆ. ಮೊದಲು ಆ ಲೆಕ್ಕ ಬಹಳ ಬಿಗಿಯಾಗಿತ್ತು.

ಫ್ರಾನ್ಸಿನ ರಾಜ 14ನೇ ಲೂಯಿ 1666ರಲ್ಲಿ ರೋಮ್ ನಗರದಲ್ಲಿ ಫ್ರೆಂಚ್ ಅಕಾಡೆಮಿ ಶುರು ಮಾಡಿಸಿದ. ಕಲಾವಿದರಿಗೆ ಊಟ, ವಸತಿ, ಭತ್ಯೆ ಎಲ್ಲ ರಾಜನದ್ದು. ಬದಲಿಗೆ ಅವರು ರೋಮಿನ ಹಳೇ ಶಿಲ್ಪಗಳನ್ನೂ ಚಿತ್ರಗಳನ್ನೂ ನಕಲು ಮಾಡಿ ರಾಜನಿಗೆ ಕಳಿಸಬೇಕು. ಒರಿಜಿನಲ್ ತರಿಸಲು ಆಗದಿದ್ದರೆ ನಕಲಾದರೂ ವರ್ಸೈ ಅರಮನೆಯಲ್ಲಿರಲಿ ಅನ್ನೋ ಲೆಕ್ಕ. ಈ ಅಕಾಡೆಮಿ 1803ರಲ್ಲಿ ವಿಲ್ಲಾ ಮೆಡಿಚಿ ಎಂಬ ಭವ್ಯ ಬಂಗಲೆಗೆ ಹೋಯಿತು. ಈಗಲೂ ಅಲ್ಲೇ ಇದೆ.

ರಾಜರು ಹೋದರೂ ‘ಕಳಿಸಬೇಕು’ ಅನ್ನೋದು ಹೋಗಲಿಲ್ಲ. ಫ್ರಾನ್ಸ್ ಸ್ಪರ್ಧೆ ನಡೆಸಿ ಕೊಡುತ್ತಿದ್ದ ‘ಪ್ರಿ ದ ರೋಮ್’ ಬಹುಮಾನ ಗೆದ್ದು ಆ ಅಕಾಡೆಮಿಗೆ ಹೋದವರು ರೋಮಿನಲ್ಲಿ ಮಾಡಿದ ಕೆಲಸವನ್ನು ಪ್ಯಾರಿಸ್ಸಿಗೆ ಕಳಿಸಬೇಕಿತ್ತು. ಅಲ್ಲಿ ಹಿರಿಯರು ಕೂತು ಅದಕ್ಕೆ ಮಾರ್ಕ್ಸ್ ಹಾಕುತ್ತಿದ್ದರು ಅಂತಲೇ ಇಟ್ಟುಕೊಳ್ಳಿ. 1884ರಲ್ಲಿ ಈ ಬಹುಮಾನ ಗೆದ್ದ ಸಂಗೀತಗಾರ ದೆಬುಸ್ಸಿಗೆ ರೋಮ್ ಹಿಡಿಸಲೇ ಇಲ್ಲ. ಅವನು ಕಳಿಸಿದ ಸಂಗೀತ ಕೃತಿಯನ್ನು ಹಿರಿಯರು ಅಸ್ಪಷ್ಟ, ಅಪಾಯಕಾರಿ ಎಂದೆಲ್ಲ ಬೈದರು. ಮುಂದೆ ಪ್ರಪಂಚ ಕೇಳಿದ್ದು ಮಾತ್ರ ದೆಬುಸ್ಸಿಯನ್ನೇ. ಅವನಿಗೆ ಆಗ ಮಾರ್ಕ್ಸ್ ಹಾಕಿದವರು ಯಾರು ಅಂತ ಕೇಳಿದರೆ ಎಷ್ಟು ಜನ ಹೇಳಿಯಾರು? ಅಂದ ಹಾಗೆ, ಈ ಸ್ಪರ್ಧೆಗೆ ಹೆಂಗಸರನ್ನು ಸೇರಿಸಿಕೊಂಡಿದ್ದು 1903ರಲ್ಲಿ. ಅಲ್ಲಿವರೆಗೆ ಮದುವೆಯಾಗದ, 30 ದಾಟದ ಗಂಡಸರಿಗೆ ಮಾತ್ರ.

1968ರಲ್ಲಿ ಫ್ರಾನ್ಸ್ ಈ ಸ್ಪರ್ಧೆಯನ್ನೇ ನಿಲ್ಲಿಸಿತು. ಸರಿಯಾಗಿ ಆ ಬದಲಾವಣೆಯ ಹೊತ್ತಿನಲ್ಲೇ ಆನ್ ಮತ್ತು ಪ್ಯಾಟ್ರಿಕ್ ಪ್ವಾರಿಯೇ ಎಂಬ ಫ್ರೆಂಚ್ ದಂಪತಿ ವಿಲ್ಲಾ ಮೆಡಿಚಿಯಲ್ಲಿದ್ದರು. ಇಬ್ಬರೂ ಕಲಾವಿದರು. ರೋಮಿನ ಹತ್ತಿರದ ಓಸ್ಟಿಯಾ ಎಂಬ ಪಾಳುಬಿದ್ದ ಬಂದರು ಪಟ್ಟಣದಲ್ಲಿ ಓಡಾಡಿದರು. ಕೊನೆಗೆ ಆ ಇಡೀ ಪಾಳೂರನ್ನು ಸುಟ್ಟ ಮಣ್ಣಿನಲ್ಲಿ ಪುಟ್ಟದಾಗಿ ಕಟ್ಟಿ ಹರಡಿದರು. ವಿಲ್ಲಾದಲ್ಲಿದ್ದ ಹಳೇ ಕಲ್ಲಿನ ತಲೆಗಳ ಮೇಲೆ ತೆಳು ಕಾಗದ ಒತ್ತಿ ಅಚ್ಚು ತೆಗೆದರು. ನೋಡಿ, ಹಿಂದಿನವರೂ ರೋಮಿನ ಕಲ್ಲುಗಳನ್ನೇ ನಕಲು ಮಾಡಿದ್ದು, ಇವರೂ ಅದನ್ನೇ ಮಾಡಿದ್ದು. ಆದರೆ ಇವರಿಗೆ ಯಾರೂ ಹೇಳಿರಲಿಲ್ಲ. ನೆನಪು ಹೇಗೆ ಸವೆಯುತ್ತದೆ ಅನ್ನೋದು ಅವರ ಜೀವಮಾನದ ವಿಷಯವಾಯಿತು. ‘ಏನೂ ಕೊಡಬೇಡಿ’ ಅಂದರೆ ಏನು ಸಿಗಬಹುದು ಅನ್ನೋದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಹಾಗಾದರೆ ಈಗ ದುಡ್ಡು ಯಾರದು? ಬಹುತೇಕ ಸರ್ಕಾರಗಳದ್ದು, ಟ್ರಸ್ಟ್‌ಗಳದ್ದು. ಪ್ಯಾರಿಸ್ಸಿನ ‘ಸಿತೆ ಎಂತರ್ನಾಸಿಯೊನಾಲ್ ದೆಜಾರ್’ ಎಂಬ ರೆಸಿಡೆನ್ಸಿ ನೋಡಿ. 1965ರಲ್ಲಿ ಬಾಗಿಲು ತೆರೆಯಿತು, 300ಕ್ಕೂ ಹೆಚ್ಚು ಸ್ಟುಡಿಯೊಗಳಿವೆ. ಅಲ್ಲಿನ ಪದ್ಧತಿ ಜಾಣತನದ್ದು. ಬೇರೆ ಬೇರೆ ದೇಶಗಳು, ನಗರಗಳು, ಸಂಸ್ಥೆಗಳು ದುಡ್ಡು ಕಟ್ಟಿ ಒಂದೊಂದು ಸ್ಟುಡಿಯೊದ ಬಳಕೆಯ ಹಕ್ಕು ಪಡೆದಿವೆ. ತಮ್ಮ ಕಲಾವಿದರನ್ನು ಸರದಿಯಲ್ಲಿ ಕಳಿಸುತ್ತವೆ. ನಮ್ಮ ಕಡೆ ಊರಿನ ಸಮುದಾಯಗಳು ಬೆಂಗಳೂರಲ್ಲಿ ಹಾಸ್ಟೆಲ್ ಕಟ್ಟಿ ಹುಡುಗರನ್ನು ಓದಲು ಕಳಿಸುತ್ತಿದ್ದವಲ್ಲ, ಹೆಚ್ಚುಕಡಿಮೆ ಹಾಗೇ. ಕಳಿಸಿದ ದೇಶಕ್ಕೆ ತನ್ನ ಕಲಾವಿದರ ಹೆಸರು ಹೊರಗೆ ಓಡಾಡಿದ ಲಾಭ. ಕರೆಸಿಕೊಂಡ ಊರಿಗೆ ಹೊಸ ಕಣ್ಣುಗಳು ಬಂದ ಲಾಭ.

ಇದರಲ್ಲಿ ಅಪಾಯವೂ ಇದೆ. ಸರ್ಕಾರದ ದುಡ್ಡು ಅಂದಮೇಲೆ ಸರ್ಕಾರದ ಮನಸ್ಸು ಬದಲಾದರೆ ಮುಗಿಯಿತು. ನೆದರ್ಲೆಂಡ್ಸ್ 2011ರಲ್ಲಿ ಸಂಸ್ಕೃತಿಯ ಬಜೆಟ್ಟಿನಿಂದ 20 ಕೋಟಿ ಯೂರೊ ಕಡಿತ ಘೋಷಿಸಿತು. ಕಲಾವಿದರನ್ನು ಎರಡು ವರ್ಷ ಇಟ್ಟುಕೊಂಡು, ಲೋಹ, ಮರ, ಪಿಂಗಾಣಿ ಕೆಲಸಕ್ಕೆ ಒಳ್ಳೊಳ್ಳೆ ವರ್ಕ್‌ಶಾಪ್ ಕೊಡುವ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯಂಥ ಕಡೆಗೂ ಅದರ ಬಿಸಿ ತಟ್ಟಿತು.

ಅಷ್ಟು ದೂರ ಯಾಕೆ, ಬೆಂಗಳೂರಿಗೇ ಬನ್ನಿ. ಇಲ್ಲಿನ ಮ್ಯಾಕ್ಸ್‌ಮುಲ್ಲರ್ ಭವನ (ಜರ್ಮನಿಯ ಸಾಂಸ್ಕೃತಿಕ ಕೇಂದ್ರ) ‘ಬ್ಯಾಂಗಲೋರೆಸಿಡೆನ್ಸಿ’ ಎಂಬ ಹೆಸರಲ್ಲಿ ಜರ್ಮನಿಯ ಕಲಾವಿದರನ್ನು ಕರೆಸಿ, ಊರಿನ ಬೇರೆ ಬೇರೆ ಸಂಸ್ಥೆಗಳ ಜೊತೆ ಕೆಲವು ವಾರ ಇರಿಸಿದೆ. ಕಲಾವಿದ ಸುರೇಶ್ ಜಯರಾಮ್ ಶಾಂತಿನಗರದಲ್ಲಿ ಕಟ್ಟಿದ ‘ಒನ್ ಶಾಂತಿರೋಡ್’ ಕೂಡ ಇಂಥ ಅತಿಥಿಗಳು ಇಳಿದುಕೊಳ್ಳುವ ಜಾಗ. ಅಂಗಳದಲ್ಲಿ ಬಾದಾಮಿ ಮರ ಇರುವ ಮನೆ.

ಇವರು ದಿನವೆಲ್ಲಾ ಏನು ಮಾಡ್ತಾರೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಮೊದಲ ವಾರ ಹೆಚ್ಚೇನೂ ಇಲ್ಲ. ಸಿಮ್ ಕಾರ್ಡ್, ಆಟೊ, ಹೊಟ್ಟೆ ಕೆಡದ ಊಟ. ಆಮೇಲೆ ಸುಮ್ನೆ ತಿರುಗಾಟ. ತಮ್ಮೂರಿನಲ್ಲಿ ಒಂದೇ ಅಂಗಡಿಯಲ್ಲಿ ಸಿಗುವ ಸಾಮಾನಿಗೆ ಇಲ್ಲಿ ಎಸ್.ಪಿ. ರೋಡ್, ಅವೆನ್ಯೂ ರೋಡ್, ಸಿಟಿ ಮಾರ್ಕೆಟ್ ಅಂತ ಅಲೆಯಬೇಕು. ಅಲೆದಾಟದಲ್ಲೇ ಅಂದುಕೊಂಡಿದ್ದ ಯೋಜನೆ ಅರ್ಧ ಬದಲಾಗುತ್ತದೆ. ಕೊನೆಯಲ್ಲಿ ಒಂದು ಸಂಜೆ ‘ಓಪನ್ ಸ್ಟುಡಿಯೊ’ ಇಡುವುದು ರೂಢಿ. ಬಾಗಿಲು ತೆರೆದಿಟ್ಟು, ಮುಗಿದದ್ದು, ಮುಗಿಯದ್ದು ಎಲ್ಲ ತೋರಿಸಿ ಮಾತಾಡುತ್ತಾರೆ. ಬದಲಿಗೆ ಕೊಡುವುದು ಅಂತ ಏನಾದರೂ ಇದ್ದರೆ ಅದು ಈ ಸಂಜೆ. ಕಾಲೇಜು ಹುಡುಗರು ಬಂದು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡೋದು ಕೆಲವೊಮ್ಮೆ ಚಿತ್ರ ಬಿಡಿಸುವುದಕ್ಕಿಂತ ಕಷ್ಟ.

ನಿಮ್ಮ ಮನೆಯಲ್ಲಿ ಯಾರಾದರೂ ಕಲಾವಿದರಿದ್ದು, ಅರ್ಜಿ ಹಾಕುವ ಯೋಚನೆ ಇದ್ದರೆ ಒಂದು ಮಾತು. ರೆಸಿಡೆನ್ಸಿ ಅಂತ ಬೋರ್ಡ್ ಹಾಕಿದ್ದೆಲ್ಲ ರೆಸಿಡೆನ್ಸಿ ಅಲ್ಲ. ಅರ್ಜಿಗೂ ಫೀಸು, ಇರಲಿಕ್ಕೂ ಫೀಸು, ವಿಮಾನದ ಖರ್ಚೂ ನಿಮ್ಮದೇ ಅಂದರೆ ಅದು ಗೋಡೆ ಚೆನ್ನಾಗಿರುವ ಬಾಡಿಗೆ ರೂಮು. ಕೆಲವರಿಗೆ ಅದೂ ಬೇಕಾಗಬಹುದು, ತಪ್ಪಿಲ್ಲ. ಆದರೆ ಸಹಿ ಹಾಕುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಪ್ರಯಾಣದ ಖರ್ಚು ಯಾರದು, ಅಲ್ಲಿ ಮಾಡಿದ ಕೃತಿ ಯಾರದು.