ಗಣಿತದ ಭೂಮಿ, ಪುರಾಣದ ಭೂಮಿ

ಭೂಮಿ ಚಪ್ಪಟೆ ಎಂದು ಧರ್ಮ ಸಾಧಿಸುತ್ತಿತ್ತು, ಗುಂಡಗಿದೆ ಎಂದು ವಿಜ್ಞಾನ ಬಂದು ತೋರಿಸಿತು ಎಂಬ ಕಥೆ ನಮಗೆಲ್ಲ ಗೊತ್ತು. ಕಲಬುರಗಿ, ಬೀದರ್ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ. ಇಲ್ಲಿ ಎರಡು ಭೂಮಿಗಳೂ ಶತಮಾನಗಳ ಕಾಲ ಅಕ್ಕಪಕ್ಕದಲ್ಲೇ ಉಳಿದವು. ಜಗಳಕ್ಕಿಂತ ಈ ಹೊಂದಾಣಿಕೆಯೇ ನಮಗೆ ಹೆಚ್ಚು ನಷ್ಟ ಮಾಡಿದೆ ಎಂಬುದು ನನ್ನ ಎಣಿಕೆ.

ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯ, ಗಣಿತದ ಉಪಯೋಗಗಳನ್ನು ಎಣಿಸುವಾಗ ಗ್ರಹಣದ ಲೆಕ್ಕವನ್ನೂ ದ್ವೀಪ, ಸಾಗರ, ಪರ್ವತಗಳ ಅಳತೆಯನ್ನೂ ಒಟ್ಟಿಗೇ ಹೇಳುತ್ತಾನೆ. ಜೈನ ಲೋಕವಿಚಾರದಲ್ಲಿ ಜಂಬೂದ್ವೀಪವು ಒಂದು ಲಕ್ಷ ಯೋಜನ ವ್ಯಾಸದ ಸಮತಟ್ಟಾದ ವೃತ್ತ. ಅದರ ನಡುವಿನ ಮೇರುವನ್ನು ಎರಡು ಸೂರ್ಯರು, ಎರಡು ಚಂದ್ರರು ಸುತ್ತುತ್ತಾರೆ. ಪುರಾಣಗಳ ಸಪ್ತದ್ವೀಪಗಳ ಭೂಮಿಯೂ ಚಪ್ಪಟೆಯೇ. ಆದರೆ ಆರ್ಯಭಟ 499ರಲ್ಲೇ ಭೂಮಿ ಗೋಳವೆಂದೂ, ತನ್ನ ಸುತ್ತ ತಾನೇ ತಿರುಗುತ್ತದೆಂದೂ, ಗ್ರಹಣವು ನೆರಳಿನಿಂದ ಆಗುತ್ತದೆಂದೂ ಹೇಳಿಯಾಗಿತ್ತು. 1150ರ ಭಾಸ್ಕರಾಚಾರ್ಯ ಎರಡು ಸೂರ್ಯರ ಮತವನ್ನು ನೇರವಾಗಿಯೇ ಖಂಡಿಸಿದ. ಕಣ್ಣಿಗೆ ನೆಲ ಸಮತಟ್ಟಾಗಿಯೇ ಕಾಣುತ್ತದಲ್ಲ ಎಂಬುದಕ್ಕೆ ಅವನ ಉತ್ತರ ಇಂದಿಗೂ ತರಗತಿಯಲ್ಲಿ ಹೇಳುವಂಥದ್ದು: ಯಾವುದೇ ಪರಿಧಿಯ ನೂರನೇ ಒಂದು ಭಾಗ ನೇರವಾಗಿ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ಬಹಳ ಚಿಕ್ಕವನು.

ಅಷ್ಟಾದರೂ ತಿಳಿವಳಿಕೆ ಮನೆಮನೆಗೆ ಏಕೆ ಇಳಿಯಲಿಲ್ಲ? ಇದಕ್ಕೆ ಗಣಿತಜ್ಞ ಬ್ರಹ್ಮಗುಪ್ತನನ್ನು ನೋಡಬೇಕು. 628ರಲ್ಲಿ ಅವನು ಗ್ರಹಣದ ಲೆಕ್ಕವನ್ನು ನೆರಳಿನಿಂದಲೇ ಮಾಡಿದ. ಆದರೆ ರಾಹುವನ್ನು ನಿರಾಕರಿಸುವವರು ಶ್ರುತಿ, ಸ್ಮೃತಿಗಳಿಗೆ ವಿರುದ್ಧವೆಂದು ಆಕ್ಷೇಪಿಸಿ, ಬ್ರಹ್ಮನ ವರದಿಂದ ರಾಹು ಆ ನೆರಳಿನೊಳಗೆ ಸೇರುತ್ತಾನೆಂದು ಎರಡನ್ನೂ ಕೂಡಿಸಿಬಿಟ್ಟ. ಸತ್ಯ ತಿಳಿದವನು ಹೀಗೇಕೆ ಬರೆದನೆಂದು 11ನೇ ಶತಮಾನದಲ್ಲಿ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬೀರೂನಿ ನೊಂದು ಕೇಳಿದ್ದಾನೆ. ಲೆಕ್ಕ ಜೋಯಿಸರಿಗೆ, ಕಥೆ ಜನರಿಗೆ ಎಂಬ ಈ ಹಂಚಿಕೆ ಇನ್ನೂ ಅಳಿದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾದೀತೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದರು. ಗ್ರಹಣದ ಸ್ಪರ್ಶ, ಮೋಕ್ಷಗಳ, ಅಂದರೆ ಹಿಡಿಯುವ, ಬಿಡುವ ವೇಳೆಯನ್ನು ಕೊಟ್ಟದ್ದು ಗೋಲಾಕಾರದ ಭೂಮಿಯನ್ನು ನಂಬುವ ಗಣಿತ. ಆ ತಾಯ್ತಂದೆಯರನ್ನು ಹಳಿಯಲು ನನಗೆ ಮನಸ್ಸಿಲ್ಲ. ವೇಳೆಯನ್ನಷ್ಟೇ ತಲುಪಿಸಿ ಕಾರಣವನ್ನು ತಲುಪಿಸದವರ ಹೊಣೆ ದೊಡ್ಡದು.

ಧರ್ಮನಿಷ್ಠೆ ಇದ್ದಲ್ಲೆಲ್ಲ ವಿಜ್ಞಾನ ಸೊರಗಿತೆಂದೂ ಹೇಳಲಾಗದು. ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ ದೌಲತಾಬಾದ್ ಬಳಿ ಆರಂಭಿಸಿದ ವೀಕ್ಷಣಾಲಯ ಅರ್ಧಕ್ಕೆ ನಿಂತದ್ದು ಅದರ ಖಗೋಳಜ್ಞ ಹಕೀಂ ಹಸನ್ ಗೀಲಾನಿ ತೀರಿಕೊಂಡದ್ದರಿಂದ, ಧರ್ಮದ ಅಡ್ಡಿಯಿಂದಲ್ಲ.

ಭೂಮಿಯ ಆಕಾರದ ಪ್ರಶ್ನೆ ಬೀದರಿನ ನೆಲದ ಮೇಲೇ ಇನ್ನೊಮ್ಮೆ ಎದ್ದಿತು. ಗೋಳವೆಂಬುದರಲ್ಲಿ ಆಗ ಸಂಶಯವಿರಲಿಲ್ಲ. ಧ್ರುವಗಳ ಬಳಿ ಅದು ಎಷ್ಟು ಚಪ್ಪಟೆ ಎಂಬುದನ್ನು ಅಳೆಯಬೇಕಿತ್ತು. ದಕ್ಷಿಣದಿಂದ ನೆಲದ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಅಳೆದು ಬಂದ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಸಮೀಪ, ಆ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗುವ ಆಧಾರರೇಖೆಯೊಂದನ್ನು ಅಳೆಸಿದ. 100 ಅಡಿಯ ಉಕ್ಕಿನ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಎಳೆದು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕವಿಟ್ಟು, ಬಿಸಿಲಿಗೆ ಉಕ್ಕು ಹಿಗ್ಗಿದಷ್ಟನ್ನು ಸೇರಿಸಿ ಲೆಕ್ಕ ಹಿಡಿಯುವ ಕೆಲಸವದು. ಇಂಥ ಅಳತೆಗಳನ್ನು ಆಧರಿಸಿ 1830ರಲ್ಲಿ ಲ್ಯಾಂಬ್ಟನ್‌ನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಕಂಡುಕೊಂಡ ಭೂಮಿಯಲ್ಲಿ ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು.

ಅದೇ ತ್ರಿಕೋನಗಳ ಸರಣಿ ಉತ್ತರಕ್ಕೆ ಹೋದಾಗ, ಹಿಮಾಲಯದ ಸೆಳೆತದಿಂದ ತೂಗುಗುಂಡು ವಾಲಿ, ನಕ್ಷತ್ರಗಳಿಂದ ಕಂಡ ಅಳತೆಗೂ ತ್ರಿಕೋನಗಳಿಂದ ಕಂಡ ಅಳತೆಗೂ 5.236 ಸೆಕೆಂಡು ಕೋನದ ವ್ಯತ್ಯಾಸ ಬಂತು. ಅದನ್ನು ಪರಿಶೀಲಿಸಿದವನು ಕಲ್ಕತ್ತೆಯ ಪಾದ್ರಿ, ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರ್ಯಾಟ್. ಬೈಬಲ್‌ಗೂ ವಿಜ್ಞಾನಕ್ಕೂ ವಿರೋಧವಿಲ್ಲವೆಂದು ಪುಸ್ತಕ ಬರೆದ ಈತ, 1855ರಲ್ಲಿ ತನ್ನ ಲೆಕ್ಕದಂತೆ ವ್ಯತ್ಯಾಸ 15.885 ಸೆಕೆಂಡು ಇರಬೇಕೆಂದು ಕಂಡಾಗ ಯಾವ ಸಂಖ್ಯೆಯನ್ನೂ ತಿದ್ದದೆ, ಎರಡೂ ಹೊಂದುತ್ತಿಲ್ಲವೆಂದು ಪ್ರಕಟಿಸಿದ. ಪರ್ವತದ ಸೆಳೆತ ಲೆಕ್ಕಕ್ಕಿಂತ ಕಡಿಮೆ ಇರಲು ಅದರ ಅಡಿಯಲ್ಲಿ ಹಗುರವಾದ ಶಿಲೆ ಇರುವುದೇ ಕಾರಣ ಎಂಬ ತಿಳಿವಳಿಕೆ ಹುಟ್ಟಿದ್ದು ಆ ಹೊಂದದ ಲೆಕ್ಕದಿಂದ.