ಸ್ಕ್ರಿಪ್ಟ್ ಬರೆದ ಕೋಡ್ ಕಂಪೈಲ್ ಆಗಲು ಯಾಕಿಷ್ಟು ಹೊತ್ತು?

ಪ್ರಶ್ನೆ: ನಮ್ಮ ಪೈಥಾನ್ ಸ್ಕ್ರಿಪ್ಟ್ ಒಂದು ಎಕ್ಸೆಲ್ ಶೀಟ್ ಓದಿ ಸಿ ಫೈಲ್ ಬರೆದುಕೊಡುತ್ತದೆ. ಸುಮಾರು 60 ಸಾವಿರ ಸಾಲು. ಮಿಕ್ಕ ಪ್ರಾಜೆಕ್ಟೆಲ್ಲ ಎರಡು ನಿಮಿಷದಲ್ಲಿ ಕಂಪೈಲ್ ಆಗುತ್ತದೆ, ಇದೊಂದಕ್ಕೇ ಅರ್ಧ ಗಂಟೆ ಬೇಕು. ಮೆಮೊರಿಯೂ ತುಂಬಿಹೋಗುತ್ತದೆ. ಹೊಸ ಮಶೀನ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ದುಡ್ಡು ಹಾಕುವ ಮೊದಲು ಆ ಫೈಲನ್ನು ಒಮ್ಮೆ ತೆರೆದು ನೋಡಿ. ಎಷ್ಟು ಸಾಲಿದೆ ಅನ್ನುವುದಕ್ಕಿಂತ ಎಷ್ಟು ಫಂಕ್ಷನ್ ಇವೆ ಅನ್ನುವುದು ಮುಖ್ಯ. 60 ಸಾವಿರ ಸಾಲೂ ಒಂದೇ ಫಂಕ್ಷನ್ನಿನ ಹೊಟ್ಟೆಯಲ್ಲಿದ್ದರೆ ತೊಂದರೆ ಇರುವುದು ಅಲ್ಲೇ.

ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಪ್ರೋಗ್ರಾಂ ನೋಡಿ. ನೂರಕ್ಕೂ ಹೆಚ್ಚು ಫೈಲುಗಳನ್ನು ಒಂದು ಸ್ಕ್ರಿಪ್ಟ್ ಜೋಡಿಸಿ ಒಂದೇ ಸಿ ಫೈಲ್ ಮಾಡುತ್ತದೆ. 2 ಲಕ್ಷ ಸಾಲಿಗಿಂತ ಜಾಸ್ತಿ. ಆದರೂ ಅದಕ್ಕೆ ಅರ್ಧ ಗಂಟೆ ಕಾಯಬೇಕಿಲ್ಲ. ಯಾಕೆಂದರೆ ಅದರೊಳಗೆ ಹೆಚ್ಚಾಗಿ ಇರುವುದು ಚಿಕ್ಕ ಚಿಕ್ಕ ಫಂಕ್ಷನ್ನುಗಳು, ಕಂಪೈಲರ್ (ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ತನ್ನ ಭಾರದ ಕೆಲಸದ ಹೆಚ್ಚಿನ ಪಾಲನ್ನು ಒಂದೊಂದೇ ಫಂಕ್ಷನ್ ಹಿಡಿದು ಮಾಡುತ್ತದೆ.

ರಿಜಿಸ್ಟರ್ ಹಂಚುವ ಕೆಲಸವನ್ನೇ ತಗೊಳ್ಳಿ. ರಿಜಿಸ್ಟರ್ ಅಂದರೆ ಲೆಕ್ಕ ಮಾಡುವಾಗ ಬೆಲೆಗಳನ್ನು ಇಟ್ಟುಕೊಳ್ಳಲು ಪ್ರೊಸೆಸರಿನೊಳಗೇ ಇರುವ ಪುಟ್ಟ ಜಾಗ. ನಮ್ಮ ಲ್ಯಾಪ್‌ಟಾಪುಗಳ 64 ಬಿಟ್ ಇಂಟೆಲ್ ಪ್ರೊಸೆಸರಿನಲ್ಲಿ ಸಾಮಾನ್ಯ ಬಳಕೆಯ ರಿಜಿಸ್ಟರ್ 16. ಒಂದೇ ಹೊತ್ತಿಗೆ ಬೇಕಾಗುವ ಎರಡು ವೇರಿಯಬಲ್ ಒಂದೇ ರಿಜಿಸ್ಟರಿನಲ್ಲಿ ಕೂರುವಂತಿಲ್ಲ. ಹಾಗಾಗಿ ಯಾವುದರ ಜೊತೆ ಯಾವುದನ್ನು ಕೂರಿಸಬಾರದು ಅಂತ ಕಂಪೈಲರ್ ಲೆಕ್ಕ ಹಾಕಬೇಕು. ಫಂಕ್ಷನ್ನಿನಲ್ಲಿ ಸಾವಿರ ವೇರಿಯಬಲ್ ಇದ್ದರೆ ಜೋಡಿಗಳು ಸುಮಾರು 5 ಲಕ್ಷ. ಹತ್ತು ಸಾವಿರ ಇದ್ದರೆ 5 ಕೋಟಿ! ಎಲ್ಲ ಜೋಡಿಗಳನ್ನೂ ಅದು ಒಂದೊಂದಾಗಿ ನೋಡುವುದಿಲ್ಲ ನಿಜ. ಆದರೂ ಕೋಡ್ ಹತ್ತು ಪಟ್ಟು ಬೆಳೆದರೆ ಕೆಲಸ ಹತ್ತು ಪಟ್ಟಿಗೆ ನಿಲ್ಲುವುದಿಲ್ಲ. ಮೆಮೊರಿ ತುಂಬುವುದೂ ಇಂಥ ಲೆಕ್ಕಗಳಿಂದಲೇ. ಎರಡು ಪಟ್ಟು ವೇಗದ ಮಶೀನ್ ತಂದರೂ ಶೀಟಿಗೆ ಇನ್ನಷ್ಟು ಸಾಲು ಸೇರಿದ ದಿನ ಮತ್ತೆ ಇದೇ ಕಥೆ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಕೋಡನ್ನು ಎಷ್ಟು ಚುರುಕುಗೊಳಿಸಬೇಕು ಅಂತ ಕಂಪೈಲರಿಗೆ ಹೇಳುವ ಆಯ್ಕೆಯಲ್ಲಿ, ಆ ಒಂದು ಫೈಲಿಗೆ ಮಾತ್ರ -ಓ2 ತೆಗೆದು ಅದಕ್ಕಿಂತ ಕೆಳಗಿನ ಮಟ್ಟದ -ಓ1 ಹಾಕಿ. ಯಂತ್ರ ಬರೆದ ದೊಡ್ಡ ಕೋಡಿಗೆ ಇದೇ ಸರಿ ಅಂತ ಜಿಸಿಸಿ ಅನ್ನುವ ಕಂಪೈಲರಿನ ಕೈಪಿಡಿಯೇ ಹೇಳುತ್ತದೆ. ಹೊತ್ತು ಎಲ್ಲಿ ಹೋಗುತ್ತಿದೆ ಅಂತ ನೋಡಲು -ಎಫ್‌ಟೈಮ್-ರಿಪೋರ್ಟ್ ಕೊಟ್ಟು ಓಡಿಸಿ.

ಆದರೆ ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ಸರಿಮಾಡಬೇಕಾದ್ದು ನಿಮ್ಮ ಪೈಥಾನ್ ಸ್ಕ್ರಿಪ್ಟನ್ನು. ಶೀಟಿನಿಂದ ಹುಟ್ಟಿದ ಕೋಡ್ ಅಂದರೆ ‘ಟೇಬಲ್[17].ದರ = 342;’ ಅನ್ನುವಂಥ ಸಾಲುಗಳೇ ಉದ್ದಕ್ಕೂ ಇರುತ್ತವೆ, ಅಲ್ವಾ? ಅದು ಕೋಡ್ ಅಲ್ಲ, ಡೇಟಾ. ಒಂದು ಸ್ಟ್ಯಾಟಿಕ್ ಕಾನ್ಸ್ಟ್ ಅರೇ (ಬದಲಾಗದ ಬೆಲೆಗಳ ಪಟ್ಟಿ) ಮಾಡಿ ಅದರಲ್ಲಿ ಬರೆಸಿ. ಓದಿಕೊಳ್ಳಲು ಹತ್ತು ಸಾಲಿನ ಒಂದು ಲೂಪ್ ಸಾಕು. ಅರೇಯಲ್ಲಿರುವ ಅಂಕಿಗಳನ್ನು ಕಂಪೈಲರ್ ಸುಮ್ನೆ ಓದಿ ಆಬ್ಜೆಕ್ಟ್ ಫೈಲಿಗೆ, ಅಂದರೆ ಕಂಪೈಲ್ ಆಗಿ ಬರುವ ಫೈಲಿಗೆ, ಬರೆಯುತ್ತದೆ. ರಿಜಿಸ್ಟರಿನ ಗೊಡವೆ ಇಲ್ಲ.

ನಿಜವಾಗಿಯೂ ಇಫ್-ಎಲ್ಸ್ ತುಂಬಿದ ಲಾಜಿಕ್ಕೇ ಆಗಿದ್ದರೆ, ಕೆಲವು ನೂರು ಸಾಲಿಗೊಂದು ಫಂಕ್ಷನ್ ಅಂತ ಸ್ಕ್ರಿಪ್ಟಿನಲ್ಲೇ ಒಡೆಯಿರಿ. ಇಲ್ಲಿ ಒಂದು ಹುಷಾರು ಬೇಕು. ಸ್ಟ್ಯಾಟಿಕ್ ಆಗಿದ್ದು (ಅಂದರೆ ಆ ಫೈಲಿನೊಳಗಷ್ಟೇ ಕಾಣುವಂತಿದ್ದು) ಒಂದೇ ಕಡೆ ಕರೆಯುವ ಫಂಕ್ಷನ್ನನ್ನು ಜಿಸಿಸಿ -ಓ1ನಲ್ಲೂ ಕರೆದ ಜಾಗಕ್ಕೇ ವಾಪಸ್ ತಂದು ಸೇರಿಸಬಹುದು. ಒಡೆದದ್ದು ವ್ಯರ್ಥ. ಹಾಗೆ ಸೇರಿಸಬೇಡ ಅಂತ ಹೇಳುವ ನೋಇನ್‌ಲೈನ್ ಗುರುತನ್ನು ಅವಕ್ಕೆ ಹಾಕಿ. ಇಲ್ಲವೇ ಸ್ಟ್ಯಾಟಿಕ್ ತೆಗೆದು ನಾಲ್ಕೈದು ಫೈಲುಗಳಿಗೆ ಹಂಚಿ, ಆಗ ಮೇಕ್ -ಜೆ8 (ಒಟ್ಟಿಗೆ ಎಂಟು ಕೆಲಸ ನಡೆಸು ಅನ್ನುವ ಆದೇಶ) ಕೊಟ್ಟರೆ ಅವೆಲ್ಲ ಒಟ್ಟೊಟ್ಟಿಗೆ ಕಂಪೈಲ್ ಆಗುತ್ತವೆ.