ಹೇಳಿದಂಥ ಮಗು ಮಾಡಿಕೊಡ್ತೀರಾ ಡಾಕ್ಟ್ರೇ?

ಐವಿಎಫ್‌ಗೆಂದು ಚಿತ್ರದುರ್ಗದಿಂದ ದಾವಣಗೆರೆಯ ನಮ್ಮ ಕ್ಲಿನಿಕ್‌ಗೆ ಬಂದಿದ್ದ ದಂಪತಿ. ಗಂಡ ಬಸ್ಸಿನಲ್ಲಿ ಒಂದು ಥ್ರಿಲ್ಲರ್ ಓದಿಕೊಂಡು ಬಂದಿದ್ದರು. ಇನ್ನು ಹದಿನೈದು ವರ್ಷಕ್ಕೆ ನಡೆಯುವ ಕಥೆ. ಕಂಪನಿಯೊಂದು ಭ್ರೂಣದ ಜೀನ್ ತಿದ್ದಿ, ಎತ್ತರದ, ಜಾಣ, ಕಾಯಿಲೆಯೇ ಬಾರದ ಮಕ್ಕಳನ್ನು ಮಾಡಿಕೊಡುತ್ತದೆ. "ಇದೆಲ್ಲ ಆಗುತ್ತಾ ಡಾಕ್ಟ್ರೇ?" ಎಂದರು. ಹೆಂಡತಿ ನಗುತ್ತಾ, "ಬಣ್ಣಾನೂ ಕೇಳಿಬಿಡಿ" ಎಂದರು.

ತಿದ್ದುವುದಂತೂ ಆಗಿಹೋಗಿದೆ. ಕಥೆಯಷ್ಟು ಚೊಕ್ಕವಾಗಿ ಅಲ್ಲ. ಚೀನಾದ ಶೆಂಜೆನ್‌ನ ವಿಜ್ಞಾನಿ ಹೆ ಜಿಯಾಂಕುಯಿ, ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದೇನೆ ಎಂದು 2018ರ ನವೆಂಬರ್‌ನಲ್ಲಿ ಹೇಳಿಕೊಂಡರು. ಅವರು ಕತ್ತರಿ ಹಾಕಿದ್ದು ಸಿಸಿಆರ್5 ಎಂಬ ಜೀನಿಗೆ.

ದುರ್ಗದವರಿಗೆ ಇದನ್ನು ವಿವರಿಸುವುದು ಸುಲಭ. ಎಚ್‌ಐವಿ ನಮ್ಮ ಬಿಳಿ ರಕ್ತಕಣದೊಳಗೆ ನುಸುಳುವ ಓಬವ್ವನ ಕಿಂಡಿಯನ್ನು ಮಾಡುವುದು ಈ ಜೀನ್. ಯುರೋಪಿನ ಕೆಲವರಿಗೆ ಹುಟ್ಟಿನಿಂದಲೇ ಈ ಕಿಂಡಿ ಇರುವುದಿಲ್ಲ. ಆ ಜೀನಿನಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿರುತ್ತವೆ. ಹೆ ಅವರು ಅದನ್ನೇ ನಕಲು ಮಾಡಲು ಹೊರಟರು. ಕತ್ತರಿ ಬೇರೆಯೇ ರೀತಿ ಬಿತ್ತು. ಒಂದು ಮಗುವಿನಲ್ಲಿ ಜೀನಿನ ಎರಡೂ ಪ್ರತಿ ಬದಲಾದವು, ಇನ್ನೊಂದರಲ್ಲಿ ಒಂದೇ. ಒಂದು ಉಳಿದರೂ ಕಿಂಡಿ ತೆರೆದೇ ಇದ್ದಂತೆ. ಸಾಲದ್ದಕ್ಕೆ ಕೆಲವು ಎಚ್‌ಐವಿ ತಳಿಗಳಿಗೆ ಬೇರೆ ಕಿಂಡಿಯೂ ಗೊತ್ತು. ಕಿಂಡಿ ಇಲ್ಲದವರಿಗೆ ವೆಸ್ಟ್ ನೈಲ್ ಜ್ವರ ಬಂದರೆ ಜಾಸ್ತಿ ಬಿಗಡಾಯಿಸುತ್ತದೆ.

ಇನ್ನೊಂದು ತೊಡಕು ನಮ್ಮ ಲ್ಯಾಬಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕತ್ತರಿ ಕೆಲಸ ಮಾಡುವ ಹೊತ್ತಿಗೇ ಭ್ರೂಣ ಎರಡಾಗಿ, ನಾಲ್ಕಾಗಿ ಒಡೆಯುತ್ತಿರುತ್ತದೆ. ಕೆಲವು ಕೋಶ ತಿದ್ದಿದವು, ಕೆಲವು ಹಾಗೇ ಉಳಿದವು. ಐದನೇ ದಿನ ನಾವು ಪರೀಕ್ಷೆಗೆ ತೆಗೆಯುವುದು ಬೆರಳೆಣಿಕೆಯ ಕೋಶ, ಅದೂ ಮುಂದೆ ಮಾಸು ಆಗುವ ಭಾಗದಿಂದ. ಅನ್ನಕ್ಕೆ ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಆ ಅವಳಿಗಳ ಮನೆಯಲ್ಲಿ ಎಚ್‌ಐವಿ ಇದ್ದದ್ದು ಅಪ್ಪನಿಗೆ, ಅಮ್ಮನಿಗಲ್ಲ. ವೀರ್ಯವನ್ನು ತೊಳೆದು ಬಳಸಿದರೆ ಮಗುವಿಗೆ ಸೋಂಕು ತಗಲದಂತೆ ನೋಡಿಕೊಳ್ಳಬಹುದು. ಹಳೆಯ ವಿಧಾನ ಅದು. ಹೆ ಅವರ ತಂಡವೂ ತೊಳೆದಿತ್ತು! ಮತ್ತೆ ಕತ್ತರಿ ಯಾಕೆ ಬೇಕಿತ್ತು? 2019ರ ಕೊನೆಗೆ ಅಲ್ಲಿನ ಕೋರ್ಟು ಅವರಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಹಾಕಿತು.

ಎತ್ತರದ ಆಸೆಗೆ ಉತ್ತರ ಚಿಕ್ಕದು. ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಜಾಗಗಳನ್ನು ನಮ್ಮ ಡಿಎನ್‌ಎಯಲ್ಲಿ 2022ರ ಅಧ್ಯಯನವೊಂದು ಗುರುತಿಸಿದೆ. ಎಷ್ಟಕ್ಕೆ ಕತ್ತರಿ ಹಾಕೋಣ? ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೀಗೆ ತಿದ್ದಿದ ಮಗುವನ್ನು ಹುಟ್ಟಿಸಲು ಬಿಡುವುದೂ ಇಲ್ಲ.

ನನ್ನ ಮುಂದಿದ್ದ ದಂಪತಿಯದು ಸೋದರಿಕೆಯ ಮದುವೆ. ಹಾಗಾಗಿ ಇಬ್ಬರಿಗೂ ಎಚ್‌ಬಿಎ2 ರಕ್ತಪರೀಕ್ಷೆ ಬರೆದೆ. ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಜೀನ್ ಹೊತ್ತವರೇ, ಅಂದರೆ ವಾಹಕರೇ, ಎಂದು ತಿಳಿಯಲು ಅದು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಭಯ. ಆಗಲೂ ತಿದ್ದಬೇಕಿಲ್ಲ. ಇರುವ ಭ್ರೂಣಗಳಲ್ಲಿ ಕಾಯಿಲೆ ಇಲ್ಲದ್ದನ್ನು ಆರಿಸಿದರೆ ಆಯಿತು.

"ಇಷ್ಟೇನಾ?" ಎಂದರು ಗಂಡ, ಸ್ವಲ್ಪ ನಿರಾಸೆಯಿಂದ. ಇಷ್ಟೇ ಎಂದೆ. ಸೂಜಿ ಕಂಡದ್ದೇ ಮುಖ ಆಚೆ ತಿರುಗಿಸಿ ಕೂತರು.